ಎತ್ತಿನ ದೇವರ ಗುಡಿ ಎಲ್ಲೈತ್ರಿ?

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಕುಂದಗೋಳದಲ್ಲಿ ಶಿವಗಂಗವ್ವನಿಗೆ ಗೊತ್ತಿಲ್ಲದ ಓಣಿ ಎಂಬುದು ಉಳಿದಿರಲಿಲ್ಲ. ಹೊಲಿದ ಕುಬಸಗಳ ಗಂಟನ್ನು ಬಗಲಲ್ಲಿಟ್ಟುಕೊಂಡು ಯಾವ ಸಂದಿಯಲ್ಲಿ ಹೊಕ್ಕು ಯಾವ ಕಟ್ಟೆಯ ಹತ್ತಿರ ಹೊರಬೀಳುತ್ತಾಳೋ, ಅದು ಪೋಸ್ಟಮನ್ನನಿಗೂ ತಿಳಿಯುತ್ತಿರಲಿಲ್ಲ. ಅಂಥವಳು ಮದುವೆಯಾಗಿ ಬಂದ ಹೊಸತರಲ್ಲಿ ಎತ್ತಿಲ್ಲದೆ ದನದ ದವಾಖಾನೆಗೆ ಹೋಗಿ ನಿಂತಿದ್ದಳು ಎಂದರೆ ಅವಳ ಗಿರಾಕಿಗಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ, ನಡೆದದ್ದು ನಡೆದದ್ದೇ.

ತಿರ್ಲಾಪುರದ ಹತ್ತಿ ಹೊಲಗಳ ನಡುವೆ ಬೆಳೆದ ಈ ಹುಡುಗಿಯನ್ನು ಕುಂದಗೋಳದ ಈರಬಸಪ್ಪನಿಗೆ ಕೊಟ್ಟಿದ್ದರು. ಬಸ್ ಸ್ಟ್ಯಾಂಡಿನ ಬಾಜೂಕ್ಕೆ ಅವನದೊಂದು ಸೈಕಲ್ ಅಂಗಡಿ. ಪಂಚರ್ ತಿದ್ದುವುದು, ತಾಸಿನ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುವುದು. ಹುಡುಗ ಒಳ್ಳೆಯವನೇ. ತಾಪತ್ರಯವೆಲ್ಲ ಅವನ ಹೆಸರಿನದು. ಗಂಡನ ಹೆಸರನ್ನು ಬಾಯಲ್ಲಿ ತರಬಾರದು, ಆ ಹೆಸರಿನ ತುಂಡು ಇರುವ ಮಾತನ್ನೂ ತರಬಾರದು ಎಂದು ತವರಿನಲ್ಲಿ ಅಜ್ಜಿ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದಳು. ಹೀಗಾಗಿ ಕೊರಳಿಗೆ ತಾಳಿ ಬಿದ್ದ ದಿನವೇ ಈರಣ್ಣ, ಬಸವಣ್ಣ ಎಂಬ ಇಬ್ಬರು ದೇವರು ಗಂಗವ್ವನ ಬಾಯಿಂದ ಹೋದರು. ಬಸ್ಸು ಮೋಟಾರಾಯಿತು. ಅನ್ನ ಬಸಿಯುವುದು ಗಂಜಿ ತೆಗೆಯುವುದಾಯಿತು. ನೆರೆಮನೆಯವಳು ಬಸುರಿಯಾದಾಗ ಗಂಗವ್ವ ಹೊಟ್ಟೆಯ ಮುಂದೆ ಕೈ ದುಂಡಗೆ ಮಾಡಿ ತೋರಿಸಿ ಸುದ್ದಿ ಮುಟ್ಟಿಸಿದಳು. ನಮ್ಮ ಕಡೆ ಈರುಳ್ಳಿಗೆ ಉಳ್ಳಾಗಡ್ಡಿ ಎನ್ನುತ್ತಾರೆಂದು ಬಚಾವು, ಇಲ್ಲದಿದ್ದರೆ ಆ ಮನೆಯಲ್ಲಿ ಒಗ್ಗರಣೆಯೇ ಬೀಳುತ್ತಿರಲಿಲ್ಲ.

ಈ ನೇಮದಿಂದ ಆಗಬಾರದ್ದು ಆದದ್ದು ಸಂತೆಯಲ್ಲಿ. ಅತ್ತೆ ರೇವವ್ವನ ಹಿಂದೆ ಹೋದ ಗಂಗವ್ವ ಕುಬಸದ ಖಣದ ಅಂಗಡಿಯ ಮುಂದೆ ನಿಂತು ಬಣ್ಣ ನೋಡುತ್ತ ಮೈಮರೆತಳು. ತಿರುಗಿ ನೋಡಿದರೆ ಅತ್ತೆ ಇಲ್ಲ. ಕಣ್ಣೀರು ಹಾಕುತ್ತಿದ್ದವಳನ್ನು ಕಂಡು ನಾಲ್ಕು ಮಂದಿ ಕೂಡಿದರು.

“ಯಾರ ಮನಿಯಾಕಿ ನೀನು?”

ಗಂಡನ ಹೆಸರು ಹೇಳುವಂತಿಲ್ಲ. ಅತ್ತೆ ಮಾವನ ಹೆಸರು ಹಿಡಿದು ಹೇಳುವ ಧೈರ್ಯವಿಲ್ಲ.

“ಹೋಗ್ಲಿ, ಮನಿ ಎಲ್ಲೈತಿ?”

ಮನೆ ಇದ್ದದ್ದು ಬಸವಣ್ಣನ ಗುಡಿಯ ಹಿಂದೆ. ಗಂಗವ್ವ ಅದನ್ನೂ ನುಂಗಿದಳು.

“ಊರರ ಯಾವುದವಾ?”

“ತಿರ್ಲಾಪುರ್ರಿ,” ಅಂದಳು, ಕೊನೆಗೂ ಹೇಳಬಹುದಾದದ್ದೊಂದು ಸಿಕ್ಕಿತೆಂದು. ಪುಣ್ಯಾತ್ಮರು ತಾವೇ ಟಿಕೀಟು ತೆಗೆಸಿ ಅವಳನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿದರು. ಅಲ್ಲಿಂದ ನವಲಗುಂದದ ಬಸ್ಸು ಹಿಡಿ ಎಂದೂ ಹೇಳಿದರು. ಬಸ್ಸು ಹೊರಟಾಗ ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡ ಈರಬಸಪ್ಪ, ರಿಪೇರಿಗೆ ಬಂದಿದ್ದ ಬ್ರೇಕಿಲ್ಲದ ಸೈಕಲ್ ಹತ್ತಿ ಬೆನ್ನುಹತ್ತಿದ. ಒಳಗೆ ಗಂಗವ್ವ “ಮೋಟಾರ್ ನಿಂದರಸ್ರಿ, ಮೋಟಾರ್ ನಿಂದರಸ್ರಿ” ಎಂದು ಕೂಗುತ್ತಿದ್ದಳು. ಬಸ್ಸು ನಿಂತಿತು. ಸೈಕಲ್ ನಿಲ್ಲಲಿಲ್ಲ, ಮುಂದೆ ಹೋಗಿ ಮೆಣಸಿನಕಾಯಿ ಚೀಲಗಳ ಗಾಡಿಗೆ ಬಡಿದು ಸುಮ್ಮನಾಯಿತು. ಊರಿಗೆ ಒಂದು ತಿಂಗಳ ನಗೆ ಸಿಕ್ಕಿತು.

ಇದೆಲ್ಲ ಮರೆತುಹೋಗುತ್ತಿತ್ತು, ಗಂಗವ್ವನಿಗೆ ಹೊಲಿಗೆ ಕಲಿಯುವ ಹುಚ್ಚು ಹಿಡಿಯದಿದ್ದರೆ. ಎಂಬತ್ತಮೂರರ ಬೇಸಿಗೆಯಲ್ಲಿ, ರೈಲ್ವೆ ಗೇಟಿನ ಆಚೆ ಮಲಿಕಾಬಿ ಎಂಬಾಕೆ ತನ್ನ ಮನೆಯಲ್ಲೇ ಹೆಣ್ಣುಮಕ್ಕಳಿಗೆ ಕುಬಸ ಹೊಲಿಯಲು ಕಲಿಸುತ್ತಾಳೆಂಬ ಸುದ್ದಿ ಬಂತು. ಗಂಗವ್ವನಿಗೆ ನಿದ್ದೆ ಹತ್ತದು, ಊಟ ಸೇರದು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೇಳಿಯೇಬಿಟ್ಟಳು.

ರೇವವ್ವ ಒಲೆಯ ಮುಂದಿನಿಂದ ಏಳಲಿಲ್ಲ. “ತನ್ನ ಮನೀ ಗುರುತು ಹೇಳಾಕ ಬಾರದಾಕಿನ್ನ ಗೇಟಿನ ಆಚೆ ಹೆಂಗ ಕಳಸಲಿ? ಈ ಸಲ ನಿನ್ನ ಬೆಂಗಳೂರ ರೈಲಿಗೆ ಹತ್ತಸ್ತಾರ.”

ಗಂಗವ್ವನ ಕಣ್ಣು ತುಂಬಿದವು. ಅದನ್ನು ಕಂಡೂ ಕಾಣದಂತೆ ರೇವವ್ವ ರೊಟ್ಟಿ ತಿರುವಿದಳು. ಈ ರೇವವ್ವನಿಗೆ ಇಡೀ ಓಣಿಯಲ್ಲಿ ಒಂದು ಹೆಸರಿತ್ತು: ಒಗಟು ಹಾಕುವುದರಲ್ಲಿ ಅವಳನ್ನು ಸೋಲಿಸಿದವರಿಲ್ಲ. ಕಳೆ ಕೀಳಲು ಹೋದರೆ ಸಾಲಿಗೊಂದು ಒಗಟು, ಶ್ಯಾವಿಗೆ ಹೊಸೆಯಲು ಕುಳಿತರೆ ಎಳೆಗೊಂದು. ಎರಡು ದಿನ ಅವಳು ಏನನ್ನೋ ಗುನುಗುತ್ತ, ಅಲ್ಲಿ ಇಲ್ಲಿ ಓಡಾಡಿ ಬಂದಳು. ಮೂರನೆಯ ದಿನ ಮಧ್ಯಾಹ್ನ ಸೊಸೆಯನ್ನು ಕರೆದಳು.

“ನೋಡ ಗಂಗವ್ವಾ, ಊರಾಗ ಮೂರು ಕಡೆ ನಿನ್ನ ಸಲುವಾಗಿ ಮಾತು ಇಟ್ಟು ಬಂದೀನಿ. ನಾ ಒಂದ ಒಗಟ ಹೇಳ್ತೀನಿ, ಬಿಡಿಸಿದ್ರ ಮೊದಲನೇ ಜಾಗ ಸಿಗತೈತಿ. ಅಲ್ಲಿ ಇದ್ದವರು ಎರಡನೇದ್ದು ಹೇಳ್ತಾರ. ಕಡೀ ಜಾಗದಾಗ ಒಂದು ಗಂಟು ಐತಿ. ದೀಪ ಹಚ್ಚೂದರಾಗ ಆ ಗಂಟು ತಂದಿ ಅಂದ್ರ ಹೊಲಿಗಿ ಕಲಿಯಾಕ ಹೋಗು. ತರಲಿಲ್ಲ ಅಂದ್ರ ಆ ಮಾತು ಮತ್ತ ಎತ್ತಬ್ಯಾಡ.”

“ದಾರಿ ಕೇಳಬಹುದೇನ್ರಿ ಅತ್ತಿ?”

“ಬಾಯಿ ಐತೆಲ್ಲ, ಕೇಳು,” ಎಂದು ರೇವವ್ವ ನಕ್ಕಳು. ಆ ನಗೆಯ ಅರ್ಥ ಗಂಗವ್ವನಿಗೆ ಆಗ ಹೊಳೆಯಲಿಲ್ಲ. “ಕೇಳಿಲ್ಲೆ: ಕಲ್ಲಿನ ಹೊಟ್ಟಿ, ತಗಡಿನ ಬಾಯಿ, ಊರ ಜ್ವಾಳೆಲ್ಲಾ ತಿಂದರೂ ತಾನು ಉಪವಾಸ.”

ಗಂಗವ್ವ ಉತ್ತರ ಹೇಳಲೂ ನಿಲ್ಲದೆ ಚಪ್ಪಲಿ ಮೆಟ್ಟಿದಳು. ಹಿಟ್ಟಿನ ಗಿರಣಿಯಲ್ಲದೆ ಇನ್ನೇನು? ಅದನ್ನು ಹುಡುಕಲು ಯಾರನ್ನೂ ಕೇಳಬೇಕಾಗಲಿಲ್ಲ. ಗಿರಣಿಯ ಪಟ್ಟೆಯ ಸಪ್ಪಳಕ್ಕೆ ಕಿವಿ ಕೊಟ್ಟು, ಸಪ್ಪಳ ದೊಡ್ಡದಾದ ಕಡೆ ತಿರುಗುತ್ತ, ಸಣ್ಣದಾದರೆ ಹಿಂದೆ ಬರುತ್ತ, ಒಬ್ಬರ ಹಿತ್ತಲು ಹೊಕ್ಕು ಇನ್ನೊಬ್ಬರ ಅಂಗಳದಲ್ಲಿ ಹೊರಬಿದ್ದು ಹೋದಳು. ಆ ಸಂತೆಯ ದಿನ ಬಿಟ್ಟರೆ ಒಂದು ವರ್ಷದಿಂದ ಮನೆ ಮತ್ತು ಬಾವಿ ಬಿಟ್ಟು ಬೇರೇನೂ ಕಾಣದ ಕಾಲುಗಳು ತಾವಾಗಿ ಓಡುತ್ತಿದ್ದವು. ಇದಿಷ್ಟೂ ತಾನಿರುವ ಊರೇ ಎಂದು ಅವಳಿಗೆ ಖುಷಿಯೋ ಖುಷಿ.

ಗಿರಣಿಯ ಮಶಾಕಸಾಬ ಹುಬ್ಬಿನವರೆಗೂ ಹಿಟ್ಟಾಗಿ ನಿಂತಿದ್ದ. “ಬಂದಿ ಏನವಾ, ರೇವಕ್ಕನ ಸೊಸಿ? ಲಗೂನ ಬಂದಿ ಬಿಡು,” ಎಂದು ಕೆಮ್ಮಿ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ: “ಮೇಯಂಗಿಲ್ಲ, ಉಳಂಗಿಲ್ಲ, ಕುಂತಲ್ಲಿಂದ ಏಳಂಗಿಲ್ಲ. ಆದರೂ ಊರ ರೈತರೆಲ್ಲಾ ಅದರ ಕಾಲಿಗೆ ಬೀಳ್ತಾರ.”

ಬಸವಣ್ಣ. ಅದೂ ತಮ್ಮ ಮನೆಯ ಮುಂದಿನ ಬಸವಣ್ಣನೇ. ಉತ್ತರ ಹೊಳೆದ ಸಂತೋಷ ಬೀದಿಗೆ ಬರುವವರೆಗೆ ಮಾತ್ರ ಉಳಿಯಿತು. ಹಿತ್ತಲುಗಳಲ್ಲಿ ಹಾದು ಬಂದವಳಿಗೆ ಮರಳಿ ಹೋಗುವ ದಾರಿ ತಿಳಿಯಲಿಲ್ಲ, ಗುಡಿಗೇನು ಗಿರಣಿಯ ಸಪ್ಪಳವಿಲ್ಲ, ಕೇಳೋಣವೆಂದರೆ ದೇವರ ಹೆಸರು ಗಂಟಲಲ್ಲಿ. ಅತ್ತೆ ನಕ್ಕದ್ದು ಯಾಕೆಂದು ಈಗ ಗೊತ್ತಾಯಿತು. ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರ ಬಳಿ ಹೋಗಿ ಜಾಣತನದಿಂದ ಕೇಳಿದಳು.

“ಅಜ್ಜಾರ, ಎತ್ತಿನ ದೇವರ ಗುಡಿ ಎಲ್ಲೈತ್ರಿ?”

ಅಜ್ಜನ ಕಿವಿ ಎತ್ತನ್ನು ಮಾತ್ರ ಒಳಗೆ ಬಿಟ್ಟುಕೊಂಡಿತು. “ಎತ್ತಿಗೆ ಆರಾಮಿಲ್ಲೇನ ತಂಗಿ? ಹಿಂಗ ಸೀದಾ ಹೋಗು, ಬೇವಿನ ಗಿಡದ ಬಾಜೂಕ.”

ಬೇವಿನ ಗಿಡದ ಬಾಜೂಕ್ಕೆ ಇದ್ದದ್ದು ದನದ ದವಾಖಾನೆ. ಅಂಗಳದಲ್ಲಿ ಎಮ್ಮೆಗಳು, ಹೋರಿಗಳು, ಒಂದು ಆಡು, ಅವುಗಳ ನಡುವೆ ಹೊಸ ಸೀರೆಯ ಗಂಗವ್ವ. ಕಂಪೌಂಡರ್ ಲಕ್ಷ್ಮಣಪ್ಪ ಅವಳ ಹಿಂದೆ ಮುಂದೆ ನೋಡಿದ.

“ಎತ್ತು ಎಲ್ಲವಾ?”

“ತಂದಿಲ್ರಿ. ಎತ್ತಿನ ದೇವರನ್ನ ಹುಡುಕ್ಕೊಂತ ಬಂದೀನ್ರಿ.”

“ಆ ದೇವರಿಗೆ ಹೆಸರಿಲ್ಲೇನು?”

“ದೇವರಿಗೆ ಐತ್ರಿ. ನನಗಿಲ್ರಿ.”

ಲಕ್ಷ್ಮಣಪ್ಪ ಕೈಯಲ್ಲಿದ್ದ, ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟವನ್ನು ಕೆಳಗಿಟ್ಟ. ನಾಲ್ಕು ಮೊಮ್ಮಕ್ಕಳ ಅಜ್ಜ, ಅವನಿಗೆ ಇದು ತಿಳಿಯದ ಮಾತಲ್ಲ. “ಹಂಗೋ. ನಿಮ್ಮ ಮನಿಯವರದೂ ಅದ ಹೆಸರೇನು?” ಗಂಗವ್ವ ತಲೆ ಬಗ್ಗಿಸಿದಳು. ಅಲ್ಲಿದ್ದ ರೈತರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಟ್ಟು ಬರಬೇಕಿತ್ತು, ಆದರೆ ಆಡು ಕೂಡ ತನ್ನನ್ನೇ ನೋಡುತ್ತಿರುವುದನ್ನು ಕಂಡು ಗಂಗವ್ವನಿಗೂ ನಗೆ ಒತ್ತರಿಸಿ ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅವಳು ನಗುತ್ತಿದ್ದರೆ ಲಕ್ಷ್ಮಣಪ್ಪ ಗುಡಿಯ ದಾರಿ ತೋರಿಸಿದ.

ಗುಡಿಯ ಮುಂದೆ ಹೂ ಮಾರುವ ಅನ್ನವ್ವ ಕಾಯುತ್ತ ಕುಳಿತಿದ್ದಳು. ನೆರಳು ಆಗಲೇ ಉದ್ದವಾಗಿತ್ತು. “ಎಲ್ಲಿ ಹೋಗಿದ್ದೆವಾ? ನಿನ್ನ ಹಾದಿ ನೋಡಿ ನನ್ನ ಹೂ ಬಾಡಿದ್ವು. ಕೇಳು: ಎಲ್ಲಾರೂ ಬಂದು ಹೋಗೂ ಮನಿ, ಯಾರೂ ವಸ್ತಿ ಮಾಡಂಗಿಲ್ಲ. ಅಲ್ಲಿ ಒಬ್ಬಾಕಿ ಕೈ ಹಿಡದ್ರ ಕೈ ಮಾತಾಡತೈತಿ.”

ಬಸ್ ಸ್ಟ್ಯಾಂಡು, ಅಲ್ಲಿಯ ಬಳೆಗಾರ್ತಿ ಸುಗರಾಬಿ. ಮತ್ತೆ ಅದೇ ಹೆಸರಿನ ತುಂಡು. ಈ ಸಲ ಗಂಗವ್ವ ಯಾರನ್ನೂ ಕೇಳುವ ಗೋಜಿಗೆ ಹೋಗಲಿಲ್ಲ. ತಲೆಯ ಮೇಲೆ ಟ್ರಂಕು ಹೊತ್ತು ಅವಸರದಲ್ಲಿ ಹೋಗುತ್ತಿದ್ದವನೊಬ್ಬನ ಬೆನ್ನು ಹತ್ತಿದಳು. ಅವನು ಎಲೆ ಅಡಿಕೆಗೆ ನಿಂತರೆ ತಾನೂ ನಿಂತಳು, ಓಡಿದರೆ ಓಡಿದಳು. ಬಸ್ ಸ್ಟ್ಯಾಂಡು ಬಂತು.

ಸುಗರಾಬಿಯ ಬಳೆಯ ಪೆಟ್ಟಿಗೆಯ ಮೇಲೆ ಕೆಂಪು ಅರಿವೆಯ ಒಂದು ಗಂಟು ಇತ್ತು. ಗಂಗವ್ವ ಕೈ ಚಾಚಿದಳು. ಸುಗರಾಬಿ ಗಂಟನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

“ಇನ್ನೊಂದು ಉಳದೈತಿ. ನಿಮ್ಮತ್ತಿ ಇಟ್ಟದ್ದು, ನಿನಗ ಕೊಟ್ಟದ್ದು. ಊರು ಕರಿಯೂದು, ನೀ ನುಂಗೂದು. ಏನದು?”

“ಮನಿಯವರ ಹೆಸರ್ರಿ.”

“ಹೆಸರ ಅಂದ್ರ ನಡಿಯಂಗಿಲ್ಲ. ಹೆಸರು ಬಾಯಿಲೆ ಬಂದ್ರ ಗಂಟು ಕೊಡು, ಇಲ್ಲಾಂದ್ರ ಹಂಗ ಕಳಸು ಅಂದಾಳ ನಿಮ್ಮತ್ತಿ.”

ಒಂದು ಕಡೆ ಅಜ್ಜಿಯ ಮಾತು, ಇನ್ನೊಂದು ಕಡೆ ಹೊಲಿಗೆ. ಅಷ್ಟು ದೂರದಲ್ಲಿ ಈರಬಸಪ್ಪ ಇವರ ಕಡೆ ಬೆನ್ನು ಮಾಡಿ, ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಹೋಟೆಲಿನ ತಗಡಿನ ಹಿಂದೆ ಸೂರ್ಯ ಇಳಿಯುತ್ತಿದ್ದ. ಆಗ ಅವಳಿಗೆ ಒಡಪು ನೆನಪಾಯಿತು. ಗಂಡನ ಹೆಸರನ್ನು ಬರಿದೇ ಹೇಳಬಾರದು ನಿಜ, ಪ್ರಾಸ ಕಟ್ಟಿ ಒಡಪಿನೊಳಗಿಟ್ಟು ಹೇಳಿದರೆ ಯಾವ ಅಜ್ಜಿಯದೂ ತಕರಾರಿಲ್ಲ. ಮದುವೆಯಲ್ಲಿ ಅವಳಿಂದ ಒಡಪು ಹೇಳಿಸಲು ಹೋದಾಗ ನಾಚಿಕೊಂಡು ತುಟಿ ಅಲ್ಲಾಡಿಸಿದ್ದಷ್ಟೇ, ಹಿಂದೆ ನಿಂತು ಕೂಗಿದ್ದು ಅಕ್ಕ. ಈಗ ಹಿಂದೆ ಅಕ್ಕನಿಲ್ಲ. ಗಂಗವ್ವ ಕಣ್ಣು ಮುಚ್ಚಿಕೊಂಡಳು, ದೊಡ್ಡ ದನಿ ತೆಗೆದಳು.

“ಹೋಳಿಗಿಗೆ ತುಪ್ಪ, ಕೈಗೆ ಬಳಿ ಒಪ್ಪ,
ಎತ್ತಿಲ್ಲದ ದವಾಖಾನಿಗೆ ಹೋದದ್ದು ನಂದ ತಪ್ಪ,
ಬಸವಣ್ಣನ ಗುಡಿ ಹಿಂದ ಮನಿ, ಯಜಮಾನ್ರು ಈರಬಸಪ್ಪ.”

“ಹಾಂ, ಬಂದೆ. ಮುಂದಿನ ಗಾಲಿನೋ ಹಿಂದಿನದೋ?” ಎಂದ ಈರಬಸಪ್ಪ ತಲೆ ಎತ್ತದೆ. ಇಡೀ ಬಸ್ ಸ್ಟ್ಯಾಂಡು ನಗುವುದು ಕೇಳಿ ಹೊರಳಿ ನೋಡಿದ. ಕೈಯಿಂದ ಟ್ಯೂಬು ಜಾರಿ ಬುಟ್ಟಿಗೆ ಬಿತ್ತು. ಗಂಗವ್ವ ಗಂಟು ಕಸಿದುಕೊಂಡು ಓಡಿದ್ದಳು. ಹಾದಿಯಲ್ಲಿ ಬೇಕೆಂದೇ ಒಬ್ಬರನ್ನು ನಿಲ್ಲಿಸಿ, “ಬಸವಣ್ಣನ ಗುಡಿ ಎಲ್ಲೈತ್ರಿ?” ಎಂದು ಕೇಳಿದಳು. ಗುಡಿ ಅವರ ಬೆನ್ನ ಹಿಂದೆಯೇ ಇತ್ತು.

ಅವಳಿಗಿಂತ ಮೊದಲು ಸುದ್ದಿ ಮನೆ ಮುಟ್ಟಿತ್ತು. ರೇವವ್ವ ದೀಪದ ಬತ್ತಿ ಹೊಸೆಯುತ್ತ ಬಾಗಿಲಲ್ಲೇ ಕುಳಿತಿದ್ದಳು. “ಆ ಆಡಿಗೆ ಈಗ ಹೆಂಗೈತಿ?” ಎಂದು ಕೇಳಿದಳು. ಗಂಗವ್ವ ಗಂಟು ಬಿಚ್ಚಿದಳು. ಒಳಗೆ ಹೊಳೆಯುವ ಹೊಸ ಕತ್ತರಿ. ಕಳಿಸಬಾರದೆಂದಿದ್ದರೆ ಅತ್ತೆ ಕತ್ತರಿ ಯಾಕೆ ತರುತ್ತಿದ್ದಳು? ಗಂಗವ್ವನಿಗೆ ಅಳು ಬಂತು, ಈ ಸಲ ತಡೆಯಲಿಲ್ಲ.

ಮರುದಿನ ಅತ್ತೆಯೇ ಜೊತೆಗೆ ಬಂದಳು. ರೈಲ್ವೆ ಗೇಟಿನ ತನಕ ದರ್ಪದಿಂದ ನಡೆದವಳು ಅಲ್ಲಿ ನಿಂತುಬಿಟ್ಟಳು. ಗೇಟು ತೆರೆದೇ ಇತ್ತು.

“ಬರ್ರಿ ಅತ್ತಿ, ಮಲಿಕಾಬಿ ಮನಿ ತೋರಸ್ರಿ.”

“ನಾ ನೋಡಿಲ್ಲ,” ಎಂದಳು ರೇವವ್ವ, ಹಳಿಗಳ ಕಡೆ ನೋಡುತ್ತ. “ಈ ಹಳಿ ನಾ ದಾಟೇ ಇಲ್ಲ. ನಿಮ್ಮ ಮಾವ ಎಂದೂ ಕರಕೊಂಡು ಹೋಗಲಿಲ್ಲ, ನಾನೂ ಕೇಳಲಿಲ್ಲ.”

ಊರೆಲ್ಲ ಒಗಟು ಬಿತ್ತಿ ಬಂದ ಅತ್ತೆಯ ಊರು ಇಷ್ಟೇ ಎಂದು ಗಂಗವ್ವನಿಗೆ ಗೊತ್ತೇ ಇರಲಿಲ್ಲ. ರೇವವ್ವನೇ ಮೊಳಕೈಯಿಂದ ಸೊಸೆಯನ್ನು ತಿವಿದಳು.

“ನೀ ಮೊದಲು ನೋಡ್ಕೊಂಡು ಬಾ. ಆಮ್ಯಾಲೆ ನಂಗೊಂದ ಒಗಟ ಹಾಕು. ನಾನೂ ಹುಡುಕ್ಕೊಂತ ಬರ್ತೀನಿ.”

ಆ ಸಂಜೆಯೇ ಗಂಗವ್ವ ಹಾಕಿದಳು: “ಹಗಲೆಲ್ಲಾ ಓಡತೈತಿ, ಮನಿ ಬಿಟ್ಟು ಹೊರಗ ಹೋಗಂಗಿಲ್ಲ.”

“ಅದು ನಾನ,” ಎಂದಳು ರೇವವ್ವ, ತಡವಿಲ್ಲದೆ.

“ಅಲ್ರಿ ಅತ್ತಿ, ಹೊಲಿಗಿ ಮಷಿನ್ನು. ಗೇಟಿನ ಆಚೆ ಅದರ ಸಪ್ಪಳ ಕೇಳ್ಕೊಂತ ಬರ್ರಿ.”

ಮರುದಿನ ಮಧ್ಯಾಹ್ನ ಮಲಿಕಾಬಿಯ ಮನೆಯಲ್ಲಿ ಹುಡುಗಿಯರು ಖಣ ಕತ್ತರಿಸುತ್ತಿದ್ದಾಗ ಹೊಸ್ತಿಲ ಮೇಲೆ ನೆರಳು ಬಿತ್ತು. ಇಳಕಲ್ ಸೀರೆ ಉಟ್ಟು, ಬೆವರು ಒರೆಸಿಕೊಳ್ಳುತ್ತ, ದಾರಿ ತಪ್ಪಿ ಎಲ್ಲೆಲ್ಲೋ ತಿರುಗಿ ಬಂದ ರೇವವ್ವ. ಗಂಗವ್ವ ಎದ್ದು ಬಾಗಿಲಿಗೆ ಅಡ್ಡ ಕೈ ಇಟ್ಟಳು.

“ಹೆಸರು ಹೇಳಿ ಒಳಗ ಬರ್ರಿ ಅತ್ತಿ.”

ಹುಡುಗಿಯರು ಕತ್ತರಿ ನಿಲ್ಲಿಸಿದರು. ಊರಿಗೆಲ್ಲ ಒಗಟು ಹಾಕುವ ರೇವವ್ವನ ಮುಖ ಕೆಂಪಾಯಿತು. ಸೆರಗನ್ನು ಹಣೆಗೆ ಎಳೆದುಕೊಂಡಳು, ಬಿಟ್ಟಳು, ಕೆಮ್ಮಿದಳು.

“ಹೋಳಿಗಿಗೆ ತುಪ್ಪ,” ಎಂದು ಸೊಸೆಯ ಒಡಪನ್ನೇ ಕದ್ದಳು. “ಹಳಿ ದಾಟಾಕ ತಡಾ ಮಾಡಿದ್ದು ನಂದೂ ತಪ್ಪ. ಯಜಮಾನ್ರು...” ಅಲ್ಲಿಗೆ ದನಿ ನಿಂತಿತು. ಗಂಗವ್ವ ಕೈ ತೆಗೆಯಲಿಲ್ಲ. ರೇವವ್ವ ಒಮ್ಮೆ ಗೇಟಿನ ಕಡೆ ತಿರುಗಿ ನೋಡಿ, ಆಚೆಯ ಮನೆಯವರೆಗೂ ಕೇಳುವ ಹಾಗೆ, “ಕುಬೇರಪ್ಪ,” ಎಂದಳು. ಆಮೇಲೆ ಆ ಹೆಸರು ಬಾಯಿಗೆ ರುಚಿ ಹತ್ತಿತೋ ಏನೋ, ಯಾರೂ ಕೇಳದೆ ಇನ್ನೊಂದು ಸಲ ಹೇಳಿ, ಚಪ್ಪಲಿ ಬಿಟ್ಟು ಒಳಗೆ ಬಂದಳು.