ನನ್ನ ಪಾಲಿನ ಮೂರು ಸಾಲು ಟೊಮೆಟೊ

ಕೈಗೆಲಸದ ವಿಷಯದಲ್ಲಿ ನನಗೆ ಸೊಕ್ಕು ಸ್ವಲ್ಪ ಜಾಸ್ತಿಯೇ. ಸುವಾರ್ತೆಯ ಸೇವೆಗೆಂದು ಫಿಲಿಪ್ಪೀನ್ಸ್‌ನಿಂದ ರಾಣೆಬೆನ್ನೂರಿಗೆ ಬಂದ ಎರಡನೇ ವರ್ಷಕ್ಕೇ ಜೋಳದ ರೊಟ್ಟಿ ಹರಿಯದಂತೆ ಬಡಿಯುತ್ತಿದ್ದೆ. ಬ್ಯಾಡಗಿ ಬಸ್ಸಿನಲ್ಲಿ ಯಾರಾದರೂ "ನೇಪಾಳದವ್ರೇನ್ರಿ?" ಎಂದರೆ "ಅಲ್ರಿ, ನಾ ರಾಣೆಬೆನ್ನೂರಾಕಿ" ಎಂದು ಹೇಳಿ ಅವರ ಮುಖ ನೋಡುವುದು ನನ್ನ ಚಟ.

ದೇವರಗುಡ್ಡದ ದಾರಿಯಲ್ಲಿ ಹೊಲವಿರುವ ಹೆಂಗಸೊಬ್ಬಳು ನನ್ನ ಗೆಳತಿ. ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದವಳು, ಬ್ಲೌಸು ಕಲಿಯುವ ಮೊದಲೇ ನನ್ನ ಅಡುಗೆಮನೆಯ ಯಜಮಾನಿಯಾದಳು. ಪ್ರಾರ್ಥನೆಗೆ ಕರೆದರೆ, "ನಿಮ್ಮ ದೇವ್ರು ಛಲೋ ಅದಾನ್ರಿ ಅಕ್ಕಾರ, ನಮ್ಮಾಂವನೂ ಛಲೋನ ಅದಾನ. ಅವ್ರ ಜಗಳಾಡಂಗಿಲ್ಲ, ನಾವ್ಯಾಕ?" ಎಂದು ನಗುತ್ತಾಳೆ. ಆರು ವರ್ಷದಿಂದ ನಾನು ಕರೆಯುತ್ತಲೇ ಇದ್ದೇನೆ, ಅವಳು ನಗುತ್ತಲೇ ಇದ್ದಾಳೆ.

ಹೋದ ವರ್ಷ ಅವಳ ಹೆಸರಿನಲ್ಲಿ ಮೊದಲ ಬಾರಿಗೆ ಟೊಮೆಟೊ ಬೀಜದ ಪ್ಲಾಟು ಸಿಕ್ಕಿತು. ಇಲ್ಲಿ ರೈತರು ತಮ್ಮ ಹೊಲದಲ್ಲೇ ಕಂಪನಿಗಳ ಕರಾರಿನ ಮೇಲೆ ಹೈಬ್ರಿಡ್ ಬೀಜ ಬೆಳೆಯುತ್ತಾರೆ; ಅದಕ್ಕೇ ಪ್ಲಾಟು ಎನ್ನುವುದು. ಕ್ರಾಸಿಂಗ್ ಎನ್ನುವ ಆ ಕೆಲಸ ಹೆಚ್ಚಾಗಿ ಹೆಂಗಸರದೇ. ಸಂಜೆ ಮೊಗ್ಗು ಬಿಡಿಸಿ ಒಳಗಿನ ಹಳದಿ ಕೇಸರವನ್ನು ಕಿತ್ತು ತೆಗೆಯಬೇಕು. ಮರುದಿನ ಮುಂಜಾನೆ ಅದಕ್ಕೆ ಗಂಡು ಗಿಡದ ಪರಾಗ ಹಚ್ಚಿ, ಗುರುತಿಗೆ ಹೂವಿನ ಬುಡದ ಎರಡು ಹಸಿರು ಎಸಳು ಕತ್ತರಿಸಬೇಕು. ಗುರುತಿರುವ ಹಣ್ಣಿನ ಬೀಜ ಮಾತ್ರ ಕಂಪನಿಗೆ ಹೋಗುತ್ತದೆ.

ಮಗಳ ಹೆರಿಗೆಗೆಂದು ಗೆಳತಿ ಹತ್ತು ದಿನ ಹಾವೇರಿಗೆ ಹೋಗಬೇಕಾಯಿತು. ಆಳುಗಳು ಕಡಿಮೆ ಇದ್ದರು. "ಮೂರು ಸಾಲು ನನಗೆ ಬಿಡು" ಎಂದೆ. ಎಲ್ಲ ತೋರಿಸಿಕೊಟ್ಟು, "ಕೇಸರ ತಗೀದನ ಅರಳಿದ ಹೂ ಕಂಡ್ರ ಹರದು ಒಗೀರಿ" ಎಂದು ಎರಡು ಸಲ ಹೇಳಿ ಹೋದಳು.

ಒಗೆಯಲು ನನಗೆ ಮನಸ್ಸಾಗಲಿಲ್ಲ. ಸಂಜೆ ನನ್ನ ಕಣ್ಣಿಗೆ ತಪ್ಪಿದ ಹತ್ತಾರು ಮೊಗ್ಗುಗಳು ದಿನಾ ಮುಂಜಾನೆ ಅರಳಿ ನಿಂತಿರುತ್ತಿದ್ದವು. ಇವಕ್ಕೂ ಪರಾಗ ಹಚ್ಚಿದರಾಯಿತು, ದಂಡ ಯಾಕೆ ಎಂದುಕೊಂಡು ಹಚ್ಚಿದೆ, ಗುರುತನ್ನೂ ಹಾಕಿದೆ. ಗೆಳತಿಗಿಂತ ನನಗೇ ಹೆಚ್ಚು ತಿಳಿಯುತ್ತದೆ ಎಂಬ ಹೆಮ್ಮೆ ಬೇರೆ.

ಮೊಮ್ಮಗಳು ಹುಟ್ಟಿದ ಖುಷಿಯಲ್ಲಿ ಅವಳು ಪೇಡೆ ಹಿಡಿದು ಬಂದಳು. ನನ್ನ ಸಾಲಿನಲ್ಲಿ ಕಾಯಿ ತುಂಬಿದ್ದು ನೋಡಿ ಆಳುಗಳನ್ನೆಲ್ಲ ಕರೆದಳು. "ನೋಡ್ರೆ ಅಕ್ಕಾರ ಕೈಗುಣ! ಅರಳಿದ್ದು ಹರದ ಮ್ಯಾಲೂ ಇಷ್ಟ ಹಿಡದಾವ." ನಾನು ಬೀಗುತ್ತಲೇ ಕೇಳಿದೆ, ಅರಳಿದ್ದನ್ನು ಯಾಕೆ ಹರಿಯಬೇಕು ಎಂದು. "ಅದು ಆಗಲೇ ತನ್ನ ಪರಾಗನ ತಾನ ತಗೊಂಡಿರತೈತ್ರಿ. ಅಂಥ ಬೀಜ ಬೆರತ್ರ ಟೆಸ್ಟಿನ್ಯಾಗ ಇಡೀ ಮಾಲು ಫೇಲ್. ಮುಂದ ನನಗ ಪ್ಲಾಟ ಕೊಡಂಗಿಲ್ಲ."

ಬಾಯಲ್ಲಿದ್ದ ಪೇಡೆ ಬಾಯಲ್ಲೇ ಉಳಿಯಿತು. ಎಲ್ಲಕ್ಕೂ ಒಂದೇ ಗುರುತು ಹಾಕಿದವಳು ನಾನು. ಯಾವುದು ಸರಿ, ಯಾವುದು ತಪ್ಪು ಎಂದು ನನಗೂ ಹೇಳಲು ಬರುವಂತಿರಲಿಲ್ಲ. ನಾನು ಬಾಯಿ ಬಿಡದಿದ್ದರೆ ತಪ್ಪು ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಭಾನುವಾರ ಭಾನುವಾರ ಜನರಿಗೆ ತಪ್ಪೊಪ್ಪಿಕೊಳ್ಳಿ ಎನ್ನುವವಳಿಗೆ ಒಂದು ಮಾತು ಆಡಲು ಊಟದ ಹೊತ್ತಿನವರೆಗೆ ಧೈರ್ಯ ಬರಲಿಲ್ಲ. ನಾಚಿಕೆಯಾಯಿತು. ರೊಟ್ಟಿ ಬಿಚ್ಚುವಾಗ ಹೇಳಿಬಿಟ್ಟೆ.

ಅವಳು ಸಮಾಧಾನ ಹೇಳಲಿಲ್ಲ. "ಎರಡ ಸಲ ಹೇಳಿದ್ನೆಲ್ರಿ!" ಎಂದು ರೇಗಿದಳು. ಬುತ್ತಿ ಅಲ್ಲಿಯೇ ಬಿಟ್ಟು ಎದ್ದು, ಸೆರಗು ಸಿಕ್ಕಿಸಿಕೊಂಡು ಮೊದಲ ಸಾಲಿಗೆ ಹೋದಳು. ಇಬ್ಬರೂ ಸಂಜೆಯವರೆಗೆ ಮೂರೂ ಸಾಲಿನ ಕಾಯಿ, ಆಗಷ್ಟೇ ಕಟ್ಟಿದ ಈಚು ಎಲ್ಲ ಹರಿದು ಹಾಕಿದೆವು. ಕಣ್ಣೀರು ಬಂದರೂ ನಾನು ಒರೆಸಿಕೊಳ್ಳಲಿಲ್ಲ; ಕೈಗೆಲ್ಲ ಟೊಮೆಟೊ ಗಿಡದ ಹಸಿರು ಮೆತ್ತಿತ್ತು.

ಮರುದಿನ ಕಂಪನಿಯ ಸೂಪರ್‌ವೈಸರ್ ಬಂದ. ಬೋಳಾದ ಸಾಲುಗಳನ್ನು ನೋಡಿ ಕಾರಣ ಕೇಳಿದ. ಗೆಳತಿ ಮುಚ್ಚಿಡದೆ ಹೇಳಿದಳು. "ಅರಳಿದ್ದಕ್ಕ ಗುರ್ತ ಬಿದ್ದಿತ್ತ್ರಿ ಸರ್. ನಾವ ಹರದ ಹಾಕೇವಿ." ಅವನು ಉಳಿದ ಸಾಲುಗಳ ಹೂ ಬಿಡಿಸಿ ಬಿಡಿಸಿ ನೋಡಿದ. ಆ ಹೊತ್ತಿನಲ್ಲಿ ನಾನು ಮಾಡಿದಷ್ಟು ಪ್ರಾರ್ಥನೆಯನ್ನು ವೇದಿಕೆಯ ಮೇಲೆ ಎಂದೂ ಮಾಡಿಲ್ಲ.

"ಇವು ಬರೋಬರಿ ಅದಾವ, ಪ್ಲಾಟ ನಡೀಲಿ" ಎಂದ. ಆಮೇಲೆ ನನ್ನ ಮುಖವನ್ನೊಮ್ಮೆ ನೋಡಿ ಗೆಳತಿಗೆ, "ಆದ್ರ ಅವ್ವಾರ, ಹೊರಗಿನವ್ರ ಕೈಯಾಗ ಕ್ರಾಸಿಂಗ್ ಯಾಕ ಕೊಡ್ತೀರಿ?" ಎಂದ.

ತಪ್ಪು ನನ್ನದೇ ಎನ್ನಲು ಬಾಯಿ ತೆರೆದೆ. ನಿನ್ನೆಯಿಂದ ನನ್ನ ಮುಖ ನೋಡದಿದ್ದವಳು ನನಗಿಂತ ಮೊದಲೇ ಮಾತಾಡಿದಳು.

"ಹೊರಗಿನವ್ರು ಯಾರೂ ಮಾಡಿಲ್ರಿ ಸರ್. ಇದು ನಮ್ಮ ಮನಿ ಮಂದಿ ಮಾಡಿದ ತಪ್ಪು."