ಕಿವಿ ಸೋಮಪ್ಪನಿಗೆ ಕೇಳದ ಜಿಂಯ್

ಗಿಟಾರಿನ ಬುಡವನ್ನು ತೊಡೆಯ ಮೇಲೆ ಊರಿ, ಎಡಗಣ್ಣು ಮುಚ್ಚಿ, ಸೋಮಪ್ಪ ಅದರ ಕುತ್ತಿಗೆಯ ಉದ್ದಕ್ಕೂ ನೋಡುತ್ತಿದ್ದ. ಬಾಗಿಲ ಬೆಳಕಿಗೆ ಹಿಡಿದು ಹೀಗೆ ನೋಡಿದರೆ ಆರು ತಂತಿಗಳೂ ದೂರ ಹೋಗುತ್ತ ಹೋಗುತ್ತ ಒಂದಾಗಿಬಿಡುತ್ತವೆ. ಕುತ್ತಿಗೆಗೆ ಅಡ್ಡಡ್ಡ ಕೂರಿಸಿದ ತೆಳ್ಳನೆಯ ಲೋಹದ ಪಟ್ಟಿಗಳು ಬಾವಿಗೆ ಇಳಿಯುವ ಮೆಟ್ಟಿಲುಗಳಂತೆ ಕಾಣುತ್ತವೆ. ನುಡಿಸುವವರು ಅವನ್ನು ಫ್ರೆಟ್ ಎನ್ನುತ್ತಾರೆ, ಸೋಮಪ್ಪ ಮೆಟ್ಟಲ ಎನ್ನುತ್ತಾನೆ. ಹೊರಗೆ ಗೋಕಾಕದ ಓಣಿಯಲ್ಲಿ ಶ್ರಾವಣದ ಜಿಟಿಜಿಟಿ ಮಳೆ. ಗೋಡೆಯ ಗಡಿಯಾರದಲ್ಲಿ ಒಂಬತ್ತೂವರೆ.

"ಕುತಗಿ ನೆಟ್ಟಗ ಐತಿ," ಎಂದ.

"ಕುತಗಿ ನೆಟ್ಟಗ ಇರಬಹುದ್ರಿ ಕಾಕಾ. ದನಿ ಸೊಟ್ಟ ಐತಿ," ಎಂದಳು ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಭಾಗ್ಯಾ.

ಭಾಗ್ಯಾ ದಡ್ಡಿ ಎಂಬ ಊರಿನ ಕುರುಬರ ಮನೆಯ ಹುಡುಗಿ. ಇಪ್ಪತ್ತೇಳು ವರ್ಷ. ಹಗಲು ಹುಕ್ಕೇರಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ. ಕಾರ್ಯಕ್ರಮ ಇದ್ದ ದಿನ ಹಣಮಂತ ಎಂಬವನ ರಸಮಂಜರಿ ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾಳೆ. ಇವತ್ತು ಸಂಜೆ ಆರಕ್ಕೆ ಮೂಡಲಗಿಯಲ್ಲಿ ಕಾರ್ಯಕ್ರಮ. ಮೊದಲ ಹಾಡು ಶುರುವಾಗುವುದೇ ಅವಳ ಎಲ್ಲಕ್ಕಿಂತ ಸಣ್ಣ ತಂತಿಯಿಂದ. ಆ ತಂತಿಯನ್ನು ನಡುವೆ ಒತ್ತಿ ಮೀಟಿದಾಗಲೆಲ್ಲ ಸ್ವರದ ಹಿಂದೆಯೇ ಒಂದು ಜಿಂಯ್ ಬರುತ್ತಿತ್ತು, ಮುಚ್ಚಿದ ಡಬ್ಬಿಯಲ್ಲಿ ನೊಣ ಸಿಕ್ಕ ಹಾಗೆ. ಗಿಟಾರ್ ಹಿಡಿದು ಅವಳು ಸೋಮಪ್ಪನ ಅಂಗಡಿಗೆ ಬಂದಿದ್ದು ಇದು ಮೂರನೇ ಸಲ.

"ಹಣಮಂತಣ್ಣ ಏನಂತಾನ ಗೊತ್ತೈತೇನ್ರಿ? ‘ಆ ಮುದುಕನ ಕೈಯಾಗ ಎಷ್ಟ ಸಲ ಕೊಡತಿ, ಬೆಳಗಾವಿಗೆ ಒಯ್ಯಿ’ ಅಂತಾನ."

"ಮುದುಕ ಅಂದನ?"

"ಅಂವಾ ಅಂದಾನ್ರಿ, ನಾ ಅಂದಿಲ್ಲ. ಇದೊಂದ ಸಲ ಕಾಕಾನ ಕಡೆ ಹೋಗ್ತೇನಿ ಅಂತ ಹೇಳಿ ಬಂದೇನಿ."

ಸೋಮಪ್ಪ ನಗಲಿಲ್ಲ. ಇದೊಂದು ಸಲ ಎಂಬ ಮಾತನ್ನು ಅವನೂ ಬೆಳಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಈ ಸಲವೂ ತಪ್ಪಿದರೆ ಅಂಗಡಿ ಮುಚ್ಚುವುದು ಎಂದು ಅವನು ತೀರ್ಮಾನಿಸಿದ್ದ. ಆ ಮಾತನ್ನು ಹೆಂಡತಿ ಕಾಶೆವ್ವನಿಗೂ ಹೇಳಿರಲಿಲ್ಲ.

ಅರವತ್ತಮೂರರ ಸೋಮಪ್ಪನಿಗೆ ಊರು ಇಟ್ಟ ಹೆಸರು ಕಿವಿ ಸೋಮಪ್ಪ. ಮೂಡಲಗಿ ರಸ್ತೆಯಲ್ಲಿ ಆಗ ಒಂದು ಸಣ್ಣ ನೂಲಿನ ಗಿರಣಿ ಇತ್ತು. ಈಗ ಅದರ ಗೋಡೆಯೂ ಇಲ್ಲ. ಅಲ್ಲಿ ಅವನು ಇಪ್ಪತ್ತೆರಡು ವರ್ಷ ಫಿಟ್ಟರ್ ಆಗಿದ್ದ. ಒಂದೊಂದು ಯಂತ್ರದಲ್ಲಿ ನಾಲ್ಕು ನೂರು ಕದಿರುಗಳು ಸುತ್ತುತ್ತಿದ್ದವು. ಮನುಷ್ಯ ಮನುಷ್ಯನ ಕಿವಿಯಲ್ಲಿ ಕೂಗಿದರೂ ಕೇಳದಂಥ ಆ ಸದ್ದಿನಲ್ಲಿ ಸೋಮಪ್ಪ ಕೈ ಹಿಂದೆ ಕಟ್ಟಿಕೊಂಡು, ಹೊಲದ ಬದುವಿನ ಮೇಲೆ ಅಡ್ಡಾಡುವವನಂತೆ ನಿಧಾನ ನಡೆಯುತ್ತಿದ್ದ. ಎಲ್ಲೋ ಒಂದು ಕಡೆ ನಿಲ್ಲುತ್ತಿದ್ದ. ಬೆರಳು ತೋರಿಸುತ್ತಿದ್ದ. ಬಿಚ್ಚಿ ನೋಡಿದರೆ ಆ ಕದಿರಿನ ಬುಡವೇ ಸವೆದಿರುತ್ತಿತ್ತು. ನಾಲ್ಕು ನೂರರಲ್ಲಿ ಒಂದು.

ಗಿರಣಿಯ ಗಣಪತಿ ಹಬ್ಬಕ್ಕೆ ಹಾಡುವವರ ಗಿಟಾರೊಂದು ಒಮ್ಮೆ ಬಾಗಿತು. ಅದರ ಕುತ್ತಿಗೆಯೊಳಗೆ ತಲೆಯಿಂದ ಬುಡದವರೆಗೆ ಒಂದು ಉಕ್ಕಿನ ಸರಳು ಇದೆಯೆಂದೂ, ತಂತಿಗಳು ಮುಂದಕ್ಕೆ ಎಳೆದರೆ ಸರಳು ಹಿಂದಕ್ಕೆ ಎಳೆಯುತ್ತದೆಂದೂ ಅವನಿಗೆ ಅವತ್ತು ತಿಳಿಯಿತು. ಎರಡು ಎಳೆತಗಳ ನಡುವೆ ಕಟ್ಟಿಗೆ ಸುಮ್ಮನೆ ನಿಂತಿರುತ್ತದೆ. ಅದು ಅವನಿಗೆ ಬಹಳ ಇಷ್ಟವಾಯಿತು. ಗಿರಣಿ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯೇ ಅಂಗಡಿಯಾಯಿತು. ಕಲ್ಲೋಳಿ, ಮೂಡಲಗಿ, ಹುಕ್ಕೇರಿ ಕಡೆಯ ಗಿಟಾರುಗಳು ಬಸ್ಸಿನಲ್ಲಿ, ಬೈಕಿನಲ್ಲಿ ಬರತೊಡಗಿದವು.

ಅವನ ಲೆಕ್ಕ ಸರಳ. ಕುತ್ತಿಗೆಯ ತುದಿಯ ನಾಲ್ಕೈದು ಮೆಟ್ಟಿಲುಗಳಲ್ಲಿ ಮಾತ್ರ ತಂತಿ ಜರ್ರ್ ಎಂದರೆ ಕುತ್ತಿಗೆ ಹಿಂದಕ್ಕೆ ವಾಲಿದೆ, ಸರಳು ಸಡಿಲಿಸಬೇಕು. ಎಲ್ಲ ಕಡೆಯೂ ಎಂದರೆ ತಂತಿಗಳೇ ತಗ್ಗಿವೆ, ಬುಡದಲ್ಲಿ ಎತ್ತಬೇಕು. ಯಾವುದೋ ಒಂದೇ ಜಾಗದಲ್ಲಿ ಎಂದರೆ ಅಲ್ಲೊಂದು ಮೆಟ್ಟಿಲು ತಲೆ ಎತ್ತಿದೆ. ಸದ್ದು ಎಲ್ಲಿ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ ಎಂದು ಕೇಳಿದರೆ ಅರ್ಧ ಕೆಲಸ ಮುಗಿಯಿತು.

ಆದರೆ ಕೇಳಬೇಕು.

ಭಾಗ್ಯಾ ಮೊದಲ ಸಲ ಬಂದಾಗ ದಪ್ಪ ತಂತಿಗಳು ಜರ್ರ್ ಎನ್ನುತ್ತಿದ್ದವು. ಮಳೆಗಾಲದ ತೇವಕ್ಕೆ ಕಟ್ಟಿಗೆ ಉಬ್ಬಿ ಕುತ್ತಿಗೆ ಕೂದಲೆಳೆಯಷ್ಟು ಹಿಂದಕ್ಕೆ ಹೋಗಿತ್ತು. ಸೋಮಪ್ಪ ಕೀಲಿ ಹಾಕಿ ಸರಳನ್ನು ಕಾಲು ಸುತ್ತು ಸಡಿಲಿಸಿದ. ಜರ್ರ್ ಹೋಯಿತು. ವಾರದ ಮೇಲೆ ಅವಳು ಮತ್ತೆ ಬಂದು, ದಪ್ಪ ತಂತಿ ಸರಿಯಾಗಿದೆ, ಸಣ್ಣದು ಜಿಂಯ್ ಎನ್ನುತ್ತದೆ ಎಂದಳು. ಮೀಟಿ ತೋರಿಸಿದಳು. ಸೋಮಪ್ಪನಿಗೆ ಸ್ವರ ಕೇಳಿತು, ಕೆರೆಯ ಮೇಲಿನ ಬೆಳಕಿನಷ್ಟು ಶುದ್ಧವಾಗಿ. ಅದರ ಹಿಂದೆ ಏನೂ ಇರಲಿಲ್ಲ.

"ಕೇಳಿಸ್ತೇನ್ರಿ?" ಎಂದಿದ್ದಳು.

"ಹೂಂ," ಎಂದಿದ್ದ ಸೋಮಪ್ಪ.

ಆ ಹೂಂ ಸುಳ್ಳು. ತಂತಿಯನ್ನು ಬುಡದಲ್ಲಿ ಒಂದಿಷ್ಟು ಎತ್ತಿ, ಬಟ್ಟೆಯಿಂದ ಒರೆಸಿ ಕೊಟ್ಟುಬಿಟ್ಟಿದ್ದ. ಅವಳು ಬಸ್ ಹತ್ತಿದ ಮೇಲೆ ಬಹಳ ಹೊತ್ತು ಬಾಗಿಲಲ್ಲಿ ನಿಂತಿದ್ದ. ಎರಡು ಮೂರು ವರ್ಷಗಳಿಂದ ಅವನ ಸುತ್ತಲಿನ ಲೋಕ ಮೆಲ್ಲಗೆ ಮೆತ್ತಗಾಗುತ್ತ ಬಂದಿತ್ತು. ಮಳೆ ಹತ್ತಿಯ ಮೇಲೆ ಬೀಳುವಂತೆ ಬೀಳುತ್ತಿತ್ತು. ಕಾಶೆವ್ವನ ಬಳೆಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಸಂಜೆಯ ಜೀರುಂಡೆಗಳು ಇಲ್ಲವಾಗಿದ್ದವು. ಕಬ್ಬಿಗೆ ಹೊಡೆಯುವ ಔಷಧಕ್ಕೆ ಎಲ್ಲ ಸತ್ತು ಹೋದವು ಎಂದು ಅವನು ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿದ್ದ. ಅವರು ಮುಖ ಮುಖ ನೋಡಿಕೊಂಡು ಸುಮ್ಮನಿದ್ದರು. ಹಾಗೆ ಅವರು ಸುಮ್ಮನಿದ್ದುದು ಈಗ ಅವನಿಗೆ ಅರ್ಥವಾಗುತ್ತಿತ್ತು.

"ಬಾರಸು," ಎಂದು ಗಿಟಾರ್ ಅವಳ ಕೈಗೆ ಕೊಟ್ಟ.

ಭಾಗ್ಯಾ ಸಣ್ಣ ತಂತಿಯನ್ನು ನಡುವೆ ಎಲ್ಲೋ ಒತ್ತಿ ಮೀಟಿದಳು. "ನೋಡ್ರಿ, ಬಂತು."

ಸೋಮಪ್ಪ ಹಲಗೆಯ ಮೇಲಿನಿಂದ ಒಂದು ಬಿದಿರು ಕೋಲು ತೆಗೆದ. ಗಿರಣಿಯಲ್ಲಿ ಯಂತ್ರಕ್ಕೆ ಒಂದು ತುದಿ ಹಚ್ಚಿ ಇನ್ನೊಂದನ್ನು ಕಿವಿಗೆ ಒತ್ತಿದರೆ ಒಳಗಿನ ನೋವು ಕೇಳುತ್ತಿತ್ತು. ಈಗ ಗಿಟಾರಿನ ಕುತ್ತಿಗೆಗೆ ಹಚ್ಚಿದ. ಭಾಗ್ಯಾ ಮೀಟಿದಳು. ಸ್ವರ ಕೋಲಿನೊಳಗಿಂದ ದುಂಡಗೆ ಬಂತು, ದುಂಡಗೇ ಹೋಯಿತು. ಮತ್ತೆ ಮೀಟಿದಳು. ಅಷ್ಟೇ.

ಒಳಗಿನಿಂದ ಕಾಶೆವ್ವ ಚಹಾ ತಂದು ಇಟ್ಟು, "ಚಾ ಆರತೈತಿ, ತಗೋರಿ," ಎಂದು ಗಟ್ಟಿಯಾಗಿ ಹೇಳಿದಳು.

"ಯಾಕ ಒದರತಿ? ಬಾಜೂ ಮನಿಯವ್ರನ್ನೂ ಚಾಕ್ಕ ಕರೀಲಿಕತ್ತಿ ಏನು?"

"ಒದರದಿದ್ರ ನಿಮಗೆಲ್ಲಿ ಕೇಳತೈತ್ರಿ? ಅಡಿಗಿಮನಿಯಿಂದ ಮೂರ ಸಲ ಕರದೇನಿ. ಈ ಹುಡಿಗಿನ್ನ ಕೇಳ್ರಿ ಬೇಕಾದ್ರ."

ಭಾಗ್ಯಾ ಚಹಾದ ಕಪ್ಪಿನೊಳಗೆ ನೋಡುತ್ತ ಕೂತಳು. ಮೂರು ಸಲ ಕರೆದದ್ದು ಅವಳಿಗೆ ಕೇಳಿತ್ತು.

ಸೋಮಪ್ಪ ಕೋಲನ್ನು ಗೋಡೆಗೆ ಒರಗಿಸಿದ. ಚಹಾ ಮುಟ್ಟಲಿಲ್ಲ.

"ತಂಗಿ, ಹೋದ ಸಲ ನಾ ಖರೆ ಹೇಳಲಿಲ್ಲ," ಎಂದ. "ನೀ ಅನ್ನೂ ಜಿಂಯ್ ನನಗ ಕೇಳವಲ್ದು. ಆವತ್ತೂ ಕೇಳಲಿಲ್ಲ, ಇವತ್ತೂ ಇಲ್ಲ."

"ಹಂಗಾರ ಹೂಂ ಅಂತ ಯಾಕ ಅಂದ್ರಿ?"

"ಕಿವಿ ಸೋಮಪ್ಪ ಅಂತ ಹೆಸರ ಇಟ್ಟಾರಲ್ಲ. ಅದಕ್ಕ."

ಕಾಶೆವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮೂರು ವರ್ಷಗಳಿಂದ ಅವಳು ಕಾಯುತ್ತಿದ್ದ ಮಾತು ಅದು.

"ನಮ್ಮಪ್ಪಗ ಕಣ್ಣ ಮಸುಕ ಆಗ್ಯಾವ್ರಿ," ಎಂದಳು ಭಾಗ್ಯಾ. "ಸಂಜಿಕೆ ಕುರಿ ಎಣಸೂದು ಬಿಟ್ಟಿಲ್ಲ. ಹಟ್ಟಿ ಬಾಗಲದಾಗ ಕುಂದರತಾನ. ಒಂದೊಂದ ಒಳಗ ಹೋಗೂವಾಗ ಬೆನ್ನ ಮುಟ್ಟಿ ಎಣಸ್ತಾನ. ಇನ್ನೂತನಾ ಒಂದೂ ತಪ್ಪಿಲ್ಲ." ಕಪ್ಪು ಕೆಳಗಿಟ್ಟಳು. "ನನಗ ಕೇಳತೈತಿ. ನಿಮಗ ಕೈ ಐತಿ. ಏನ ಮಾಡೂದು ಹೇಳ್ರಿ."

ಸೋಮಪ್ಪ ತನ್ನ ಕೈಗಳನ್ನು ನೋಡಿಕೊಂಡ. ಗಿರಣಿಯಲ್ಲಿ ಮಾತೆಂಬುದೇ ಇರಲಿಲ್ಲ ಎಂಬುದು ಅವನ ನೆನಪಿಗೆ ಬಂತು. ಬೆರಳು ಎತ್ತಿದರೆ ಯಂತ್ರ ನಿಲ್ಲಿಸು, ಅಂಗೈ ಬಿಚ್ಚಿದರೆ ಎಲ್ಲ ಸರಿ, ಮುಷ್ಟಿ ಹಿಡಿದರೆ ಊಟ. ಅಷ್ಟು ವರ್ಷ ಅಷ್ಟು ಜನ ಕೈಯಲ್ಲೇ ಮಾತಾಡಿ, ಕೈಯಲ್ಲೇ ಜಗಳಾಡಿ, ಕೈಯಲ್ಲೇ ಚೇಷ್ಟೆ ಮಾಡಿದ್ದರು.

"ಒಂದನೇ ಮೆಟ್ಟಲದಿಂದ ಶುರು ಮಾಡು," ಎಂದ. "ಒಂದೊಂದ ಒತ್ತು, ಮೀಟು. ಜಿಂಯ್ ಬಂದ್ರ ಬೆರಳ ಎತ್ತು. ಬರದಿದ್ರ ಅಂಗೈ ತೋರಸು. ಬಾಯಿಲೆ ಏನೂ ಹೇಳಬ್ಯಾಡ, ನಾ ಕೈ ನೋಡತೇನಿ."

ಒಂದು. ಅಂಗೈ. ಎರಡು. ಅಂಗೈ. ಮಳೆಯ ಮಸುಕು ಬೆಳಕಿನಲ್ಲಿ ಹುಡುಗಿಯ ಕೈ ತಂತಿಯಿಂದ ಏಳುವುದು, ಗಾಳಿಯಲ್ಲಿ ನಿಲ್ಲುವುದು, ಮತ್ತೆ ತಂತಿಗೆ ಇಳಿಯುವುದು, ಇಷ್ಟೇ. ಕಾಶೆವ್ವ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಎಂಟನೆಯದಕ್ಕೆ ಭಾಗ್ಯಾ ತಲೆ ವಾರೆ ಮಾಡಿ, ಬೆರಳನ್ನು ಅರ್ಧ ಎತ್ತಿದಳು. ಒಂಬತ್ತಕ್ಕೆ ಪೂರ್ತಿ ಎತ್ತಿದಳು. ಹತ್ತಕ್ಕೆ ಎತ್ತಿದ ಬೆರಳನ್ನು ಅಲುಗಿಸಿದಳು. ಜೋರು ಎಂದು ಅರ್ಥ. ಹನ್ನೊಂದು. ಅಂಗೈ. ಹನ್ನೆರಡು. ಅಂಗೈ.

"ಹತ್ತನೇದ ಕೆಟ್ಟೈತ್ರಿ," ಎಂದಳು ಭಾಗ್ಯಾ, ಮಾತಾಡಬಾರದೆಂಬುದನ್ನು ಮರೆತು.

"ಅಲ್ಲ," ಎಂದ ಸೋಮಪ್ಪ. ಅವನ ದನಿಯಲ್ಲಿ ಹಳೆಯ ಫಿಟ್ಟರ್ ಇದ್ದ. "ಹತ್ತರ ಮ್ಯಾಲ ಒತ್ತಿದ್ರ ತಂತಿ ಮುಂದಿನ ಮೆಟ್ಟಲ ದಾಟಿ ಹೋಗಬೇಕು. ದಾಟೂವಾಗ ಎಡವಾಕತ್ತೈತಿ. ಹನ್ನೊಂದರ ಮ್ಯಾಲನ ಬೆರಳ ಇಟ್ರ ಎಡವಾಕ ಏನೂ ಇಲ್ಲ. ಕಳ್ಳ ಹನ್ನೊಂದನೇದು. ಒದರಾಂವ ಹತ್ತನೇದಾಂವ."

ಮುರಿದ ಹ್ಯಾಕ್ಸಾ ಬ್ಲೇಡಿನ ಗೇಣುದ್ದದ ತುಂಡನ್ನು ಅವನು ಪೆಟ್ಟಿಗೆಯಿಂದ ತೆಗೆದ. ಅದರ ನೇರ ಬೆನ್ನನ್ನು ಹತ್ತು, ಹನ್ನೊಂದು, ಹನ್ನೆರಡು ಮೂರರ ಮೇಲೂ ಇಟ್ಟು ತುದಿಯನ್ನು ಬೆರಳಿನಿಂದ ಒತ್ತಿದ. ಮೂರೂ ಸಮ ಇದ್ದರೆ ಅದು ಅಲುಗಬಾರದು. ಅಲುಗಿತು. ತಕ್ಕಡಿಯ ದಂಡಿಯಂತೆ ಆ ಕಡೆ, ಈ ಕಡೆ. ಟಕ್ ಎಂದಿತೋ ಇಲ್ಲವೋ, ಬೆರಳಿನ ತುದಿಗಂತೂ ಗೊತ್ತಾಯಿತು. ಉಗುರು ಹಾಕಿ ನೋಡಿದರೆ ಹನ್ನೊಂದನೆಯ ಪಟ್ಟಿಯ ತುದಿ, ಸಣ್ಣ ತಂತಿಯ ಕೆಳಗೇ, ತಾನು ಕೂತ ಸೀಳಿನಿಂದ ಒಂದು ಕಾಗದದಷ್ಟು ಮೇಲೆದ್ದಿತ್ತು. ಉಬ್ಬಿದ ಕಟ್ಟಿಗೆ ಅದನ್ನು ಹೊರಗೆ ನೂಕಿತ್ತು.

ತಂತಿಗಳನ್ನು ಸಡಿಲಿಸಿ ಬದಿಗೆ ಸರಿಸಿದ. ಎದ್ದ ತುದಿಯ ಕೆಳಗೆ ಗುಂಡುಸೂಜಿಯಿಂದ ಒಂದು ಹನಿ ಅಂಟು ಇಳಿಸಿದ. ಕಟ್ಟಿಗೆಯ ಸುತ್ತಿಗೆಯಿಂದ ಮೂರು ಸಲ, ಮಗುವಿನ ಬೆನ್ನು ತಟ್ಟಿದಂತೆ ತಟ್ಟಿದ. ಕ್ಲಾಂಪ್ ಹಾಕಿ ಬಿಗಿದು, "ಎರಡ ತಾಸ ಮುಟ್ಟಾಂಗಿಲ್ಲ," ಎಂದ.

ಕಾಶೆವ್ವ ಭಾಗ್ಯಾಳಿಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅಡಿಗೆಮನೆಯಲ್ಲಿ ಇಬ್ಬರೂ ಏನೋ ಮಾತಾಡಿ ನಗುತ್ತಿದ್ದುದನ್ನು ಸೋಮಪ್ಪ ಬಾಗಿಲಿನಿಂದ ನೋಡಿದ. ಊಟವಾದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಕನಸಿನಲ್ಲಿ ಗಿರಣಿ ಓಡುತ್ತಿತ್ತು. ನಾಲ್ಕು ನೂರು ಕದಿರುಗಳು ಒಂದಿಷ್ಟೂ ಸದ್ದಿಲ್ಲದೆ ಸುತ್ತುತ್ತಿದ್ದವು. ಹತ್ತಿಯ ಎಳೆಗಳು ಕಿಟಕಿಯ ಬೆಳಕಿನಲ್ಲಿ ತೇಲಿ, ಅವನ ಹುಬ್ಬಿನ ಮೇಲೆ, ಭುಜದ ಮೇಲೆ ಇಳಿಯುತ್ತಿದ್ದವು. ಅವನು ನಡೆಯುತ್ತ ಹೋದ. ಸಾಲು ಮುಗಿಯಲೇ ಇಲ್ಲ. ಒಂದೊಂದು ಯಂತ್ರದ ಹಿಂದಿನಿಂದಲೂ ಒಂದು ಕೈ ಎದ್ದು ಅಂಗೈ ತೋರಿಸುತ್ತಿತ್ತು. ಹೆದರಿಕೆ ಇರಲಿಲ್ಲ. ಎಚ್ಚರವಾದಾಗ ಮಳೆ ನಿಂತಿತ್ತು, ಕಾಶೆವ್ವ ಭುಜ ಅಲುಗಿಸುತ್ತಿದ್ದಳು.

ಕ್ಲಾಂಪ್ ಬಿಚ್ಚಿ, ತಂತಿ ಬಿಗಿದು, ಶ್ರುತಿ ಮಾಡಿದರು. ಭಾಗ್ಯಾ ಎಂಟರಿಂದ ಶುರು ಮಾಡಿದಳು. ಅಂಗೈ. ಒಂಬತ್ತು. ಅಂಗೈ. ಹತ್ತು. ಅವಳು ತಡೆದು, ಮತ್ತೊಮ್ಮೆ ಮೀಟಿ, ಕಿರುಬೆರಳನ್ನು ಮಾತ್ರ ಎತ್ತಿದಳು. ಸೋಮಪ್ಪ ತಂತಿಯನ್ನು ಬದಿಗೆ ಸರಿಸಿ, ಹನ್ನೊಂದರ ತಲೆಯನ್ನು ಸಣ್ಣ ಅರದಿಂದ ಎರಡೇ ಸಲ ಉಜ್ಜಿ, ನಯವಾದ ಮರಳುಕಾಗದದಿಂದ ಒರೆಸಿ, ತಂತಿಯನ್ನು ಜಾಗಕ್ಕೆ ತಂದ. ಬ್ಲೇಡು ಇಟ್ಟು ನೋಡಿದ. ಅಲುಗಲಿಲ್ಲ.

ಅವಳು ಮತ್ತೆ ಹತ್ತನ್ನು ಒತ್ತಿ ಮೀಟಿದಳು. ಸೋಮಪ್ಪನಿಗೆ ಆ ಸ್ವರ ಬೆಳಿಗ್ಗೆ ಹೇಗಿತ್ತೋ ಈಗಲೂ ಹಾಗೇ ಇತ್ತು. ಬದಲಾದದ್ದು ಅವಳ ಕೈ ಒಂದೇ. ಅದು ನಿಧಾನ ಮೇಲೆದ್ದು, ಐದೂ ಬೆರಳು ಬಿಚ್ಚಿ, ಬಹಳ ಹೊತ್ತು ಹಾಗೇ ನಿಂತಿತು.

"ಹೋತೇನು?" ಎಂದ, ಕೈ ಕಂಡಿದ್ದರೂ.

"ಹೋತ್ರಿ ಕಾಕಾ."

"ಸುಳ್ಳ ಹೇಳಬ್ಯಾಡ ಮತ್ತ. ನನ್ನಂಗ."

"ಇವತ್ತ ಸಂಜಿಕೆ ಸಾವಿರ ಮಂದಿ ಮುಂದ ಬಾರಸಾಕಿ ನಾ. ಯಾಕ ಸುಳ್ಳ ಹೇಳಲಿ?"

ಕಾಶೆವ್ವ ಹೊಸ್ತಿಲಿನಿಂದ, "ನನಗೂ ಕೇಳ್ತು, ಸ್ವಚ್ಛ ಐತಿ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಇನ್ನ ಬೆಳಗಾವಿಗೆ ಹೋಗಿ ಕಿವಿ ತೋರಸೂಣು ನಡೀರಿ. ಗಿಟಾರಕ್ಕ ಮೂರ ಸಲ ನೋಡಿದ್ರಿ, ನಿಮಗ ಡಾಕ್ಟರ ಒಂದ ಸಲರ ನೋಡಲಿ," ಎಂದಳು.

"ನೋಡೂಣು," ಎಂದ ಸೋಮಪ್ಪ. ಮೂರು ವರ್ಷಗಳಲ್ಲಿ ಮೊದಲ ಸಲ ಬೇಡ ಎನ್ನಲಿಲ್ಲ.

ಮೂರೂವರೆಯ ಮೂಡಲಗಿ ಬಸ್ಸಿಗೆ ಭಾಗ್ಯಾ ಹೊರಟಳು. ಅವಳು ಹೋದ ಮೇಲೆ ಸೋಮಪ್ಪ ಅಂಗಡಿ ಮುಚ್ಚುವ ಮಾತನ್ನು ಬಿಟ್ಟುಕೊಟ್ಟ. ಬದಲಿಗೆ ಒಂದು ನಿಯಮ ಮಾಡಿದ. ಇನ್ನು ಮುಂದೆ ಗಿಟಾರ್ ಇಟ್ಟು ಹೋಗುವಂತಿಲ್ಲ. ತಂದವರು ಎದುರಿಗೆ ಕೂತು, ತಾವೇ ಮೀಟಿ, ತಾವೇ ಕೇಳಿ, ಕೈಯಿಂದ ಹೇಳಬೇಕು. ಹತ್ತರಗಿಯ ಶುಭಮ್ ತನ್ನ ಗಿಟಾರನ್ನು ಸೋಮವಾರ ಬಸ್ಸಿನಲ್ಲಿ ಕಳಿಸುವುದಾಗಿ ಹೇಳಿದ್ದ. ಕಾಶೆವ್ವ ಅವನಿಗೆ ಫೋನ್ ಮಾಡಿ, ಕಳಿಸಬೇಡ, ನೀನೇ ತೆಗೆದುಕೊಂಡು ಹತ್ತು ಗಂಟೆಗೆ ಬಾ ಎಂದು ತಿಳಿಸಿದ್ದಾಳೆ.