ಬೀರು ಮ್ಯೂಸಿಯಮ್ಮಿನಲ್ಲಿ ಬೋರೇಗೌಡನ ಎಡೆ

ನಮ್ಮೂರು ಕಿರುಗಾವಲಿನಿಂದ ಮೊದಲ ಬಸ್ಸಿಗೆ ಹೊರಟಾಗ ನನ್ನ ಮಗ ಮಾತಾಡಿಸಲಿಲ್ಲ. ಟಿಕೆಟ್ಟಿಗೆಂದು ಎರಡು ಸೀಮೆಹಸು ಮಾರಿದ್ದೆ, ಅದಕ್ಕೆ ಸಿಟ್ಟು. ಹಸು ನನ್ನವು, ಸಗಣಿ ಬಾಚಿದ್ದೂ ನಾನೇ. ಜೊತೆಗೆ ಇಬ್ಬರು ಗೆಳತಿಯರು: ಪಕ್ಕದ ಮನೆಯ ಜಯಮ್ಮ, ಬಟ್ಟೆ ಹೊಲಿಯುವ ನೂರ್ಜಾನ್. ನೂರ್ಜಾನಳ ಮೊಮ್ಮಗಳು ಶಬಾನ ಜಪಾನಿನ ಸಪ್ಪೊರೊ ಎಂಬ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಮೂವರೂ ಬನ್ನಿ ಎಂದು ಅವಳೇ ಕರೆದಿದ್ದಳು.

ಬೆಂಗಳೂರಿನಿಂದ ಟೋಕಿಯೋ, ಅಲ್ಲಿಂದ ಇನ್ನೊಂದು ವಿಮಾನ. ಕೊಟ್ಟ ಊಟದಲ್ಲಿ ಉಪ್ಪಿಲ್ಲ, ಖಾರವಿಲ್ಲ. ನೂರ್ಜಾನ್ ನಿಂಬೆ ಉಪ್ಪಿನಕಾಯಿ ತಂದಿದ್ದಳು, ಬದುಕಿಕೊಂಡೆವು. ಸಪ್ಪೊರೊದಲ್ಲಿ ನಮ್ಮ ಮಾಗಿಯಂಥ ಚಳಿ. ರಸ್ತೆಯಲ್ಲಿ ಒಂದು ಕಡ್ಡಿ ಕಸವಿಲ್ಲ. ಎಲೆ ಅಡಿಕೆ ಉಗಿಯಲು ಜಾಗ ಕಾಣದೆ ನಾನು ಬಾಯಿ ಕಟ್ಟಿಕೊಂಡು ತಿರುಗಿದೆ.

ನಾವು ಅಲ್ಲಿದ್ದಾಗಲೇ ಮಹಾಲಯ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಬದುಕಿದ್ದಾಗ ಅವರಿಗೆ ಇಷ್ಟವಾದದ್ದೆಲ್ಲ ಎಡೆಯಲ್ಲಿರಬೇಕು: ಬಾಡು, ಬೀಡಿ, ಬಾಟ್ಲಿ. ಜಯಮ್ಮನ ಗಂಡ ಬೋರೇಗೌಡ ಕುಡುಕ. ಅವನಿದ್ದಷ್ಟು ದಿನ ಇವಳು ಬಾಟ್ಲಿ ಒಡೆದಳು, ಸತ್ತ ಮೇಲೆ ವರ್ಷವರ್ಷವೂ ತಾನೇ ತರಿಸಿ ಇಟ್ಟಳು. ಈ ಸಲ ಮಗನಿಗೆ ವಹಿಸಿ ಬಂದಿದ್ದಳು. ಬೆಳಗ್ಗೆಯೇ ಅವನ ಫೋನು.

"ಅವ್ವ, ನಾನು ಬಾಡು ಬುಟ್ಟಿವ್ನಲ್ಲ, ಮನೆ ಒಳಕ್ಕೆ ಬಾಡು ಬಾಟ್ಲಿ ಏನೂ ತರಾಕಿಲ್ಲ. ಪಾಯ್ಸ, ವಡೆ ಮಡುಗ್ತೀನಿ."

"ನಿಮ್ಮಪ್ಪ ಪಾಯ್ಸ ಉಂಡಿದ್ದ ನೋಡಿದ್ದೀಯೇನ್ಲಾ?" ಎಂದು ಕಿರುಚಿ ಇವಳು ಫೋನು ಇಟ್ಟಳು. ಶಬಾನ ಕೊಟ್ಟ ಕಾಫಿ ಮುಟ್ಟಲಿಲ್ಲ. "ಬಾಗ್ಲುಗಂಟ ಬಂದು ಅಸ್ಕೊಂಡು ಓಯ್ತಾನೆ ಕಣಮ್ಮಿ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಒಬ್ಬ ಕುಡುಕನಿಗೆ ಇಷ್ಟು ಸಂಕಟ ಯಾಕೆ ಎಂದೆ. ಕಂಬಳಿ ತಲೆಯವರೆಗೂ ಎಳೆದುಕೊಂಡಳು.

ಹೊರಗೆ ಮಳೆ. ಶಬಾನ ಹೆದರಿ ಹೆದರಿ ಹೇಳಿದಳು: "ಇವತ್ತು ಬೀರು ಮ್ಯೂಸಿಯಂ ತೋರ್ಸೋಣ ಅಂತಿದ್ದೆ, ಒಳಗೆ ಹೋಗೋಕೆ ದುಡ್ಡು ಕೊಡ್ಬೇಕಾಗಿಲ್ಲ. ಬೇಡ ಅಂದ್ರೆ ಬಿಡಿ ಅಜ್ಜಿ."

ಜಯಮ್ಮ ಎದ್ದು ಕೂತಳು. "ಬೀರಾ? ನಡಿಯವ್ವ."

ಕೆಂಪು ಇಟ್ಟಿಗೆಯ ಹಳೇ ಕಟ್ಟಡ, ಪಕ್ಕದಲ್ಲಿ ಎತ್ತರದ ಚಿಮಣಿ. ಒಳಗೊಂದು ತಾಮ್ರದ ಹಂಡೆ, ನಮ್ಮ ಆಲೆಮನೆಯ ಕೊಪ್ಪರಿಗೆ ಹತ್ತನ್ನಾದರೂ ನುಂಗುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಮೂಸಿ ನೋಡಲು ಇಟ್ಟಿದ್ದರು. ಥೇಟ್ ರಾಗಿ ಮೊಳಕೆ ಕಟ್ಟಿ ಹುರಿದ ವಾಸನೆ. ನಾವು ಅದರಲ್ಲಿ ಕೂಸುಗಳಿಗೆ ಗಂಜಿ ಮಾಡುತ್ತೇವೆ, ಇವರು ಗಂಡಸರಿಗೆ ಮಾಡುತ್ತಾರೆ.

ಕೆಳಗಿನ ದೊಡ್ಡ ಕೋಣೆಯಲ್ಲಿ ದುಡ್ಡು ಕೊಟ್ಟರೆ ಬೀರು. ಜಯಮ್ಮ ಒಂದು ಲೋಟ ಕೊಂಡಳು. ಮೇಜಿನ ಮೇಲೆ ಕಾಗದದ ಕರವಸ್ತ್ರ ಹಾಸಿ, ಲೋಟ ಇಟ್ಟು, ಗಂಡನ ಫೋಟೋ ತೆರೆದಿಟ್ಟ ಮೊಬೈಲನ್ನು ಎದುರಿಗೆ ಒರಗಿಸಿದಳು. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಆಚೆ ನಿಲ್ಲುವುದು ನಮ್ಮ ಪದ್ಧತಿ. ನಾವು ನೋಡುತ್ತಿದ್ದರೆ ಹಿರಿಯರು ಉಣ್ಣುವುದಿಲ್ಲ. ಅಲ್ಲಿ ಬಾಗಿಲೆಲ್ಲಿ? ನಾಲ್ವರೂ ದೂರ ಹೋಗಿ ಗೋಡೆಗೆ ಮುಖ ಮಾಡಿ ನಿಂತೆವು. ಶಬಾನಳಿಗೆ ನಾಚಿಕೆ, ನೂರ್ಜಾನಳಿಗೆ ನಗು.

ಲೋಟ ಎತ್ತಿದ ಸದ್ದಾಯಿತು. ತಿರುಗಿದರೆ ಕೆಲಸದ ಹೆಂಗಸೊಬ್ಬಳು, ನಾವು ಎದ್ದು ಹೋದೆವೆಂದುಕೊಂಡು, ಮೇಜು ಖಾಲಿ ಮಾಡುತ್ತಿದ್ದಳು. ಜಯಮ್ಮ ಸೀರೆ ಎತ್ತಿಕೊಂಡು ಓಡಿದಳು.

"ಮುಟ್ಬ್ಯಾಡ ಕಣಮ್ಮ! ಇನ್ನೂ ಉಣ್ತಾವ್ನೆ!"

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಬಾನ ಓಡಿ ಬಂದು ಅವರ ಭಾಷೆಯಲ್ಲಿ ಏನೇನೋ ಹೇಳಿದಳು. ಆ ಹೆಂಗಸು ಫೋಟೋ ನೋಡಿದಳು, ಲೋಟ ಇದ್ದಲ್ಲೇ ಇಟ್ಟಳು, ಸೊಂಟ ಬಗ್ಗಿಸಿ ಬೋರೇಗೌಡನಿಗೆ ಕೈಮುಗಿದಳು. ಬದುಕಿದ್ದಾಗ ಅವನಿಗೆ ಯಾರೂ ಹಾಗೆ ಕೈಮುಗಿದಿರಲಿಲ್ಲ. ಒಳಗೆ ಹೋಗಿ ಒಂದು ತಟ್ಟೆ ಹುರಿದ ಕಡಲೆಕಾಯಿ ಬೀಜ ತಂದು ಪಕ್ಕದಲ್ಲಿಟ್ಟಳು.

"ಇವರಪ್ಪನ ಸಮಾಧಿಗೂ ಬೀರು ಇಡ್ತಾರಂತೆ ಅಜ್ಜಿ" ಎಂದಳು ಶಬಾನ. ಆಮೇಲೆ ಆ ಹೆಂಗಸೂ ಬಂದು ನಮ್ಮ ಜೊತೆ ಗೋಡೆಗೆ ಮುಖ ಮಾಡಿ ನಿಂತಳು.

ಎಡೆಯನ್ನು ಚೆಲ್ಲುವಂತಿಲ್ಲ, ಮನೆಯವರು ಮುಗಿಸಬೇಕು. ನೂರ್ಜಾನ್ ಮುಟ್ಟುವವಳಲ್ಲ. ನಾನು ಕೈ ಚಾಚಿದೆ.

"ನನ್ ಗಂಡನ್ ಎಡೆ ನಿಂಗ್ಯಾಕೆ ಬುಡಮ್ಮಿ" ಎಂದು ಜಯಮ್ಮ ತಾನೇ ಗುಟುಕರಿಸಿದಳು. ಮುಖ ಹುಣಸೆಹಣ್ಣಾಯಿತು. ಫೋಟೋ ಕಡೆ ತಿರುಗಿ, "ಥೂ, ಈ ಕಹಿ ನೀರ್ಗಾ ಎಂಡ್ರು ಮಕ್ಳ ಬುಟ್ಟು ಮೋರಿ ತಾವ ಬಿದ್ದಿರ್ತಿದ್ದೆ?" ಎಂದಳು. ಬಯ್ಯುತ್ತ ಬಯ್ಯುತ್ತ ಲೋಟ ಖಾಲಿ ಮಾಡಿದಳು. ಕಡಲೆಕಾಯಿ ಬೀಜ ನಾವೆಲ್ಲ ಹಂಚಿಕೊಂಡೆವು. ಆಮೇಲೆ ಜಯಮ್ಮ ನೂರ್ಜಾನಳ ಹೆಗಲಿಗೆ ಒರಗಿ ಮದುವೆಯ ಸೋಬಾನೆ ಪದ ಶುರುಮಾಡಿದಳು. ಪಕ್ಕದ ಮೇಜಿನ ಮುದುಕರು ಚಪ್ಪಾಳೆ ತಟ್ಟಿದರು.

ಸಂಜೆಗೆ ಮಳೆ ನಿಂತಿತ್ತು. ಬಸ್ಸು ಹೊರಟ ಮೇಲೂ ಜಯಮ್ಮ ಹಿಂದಕ್ಕೆ ತಿರುಗಿ ಆ ಕೆಂಪು ಕಟ್ಟಡವನ್ನೇ ನೋಡುತ್ತಿದ್ದಳು.

"ಏನ್ ನೋಡ್ತಿದ್ದೀಯೇ?" ಎಂದೆ.

"ನನ್ ಗಂಡನ್ನ ಒಬ್ನೇ ಬುಟ್ಟು ಬತ್ತಾ ಇವ್ನಲ್ಲ ಅಂತ" ಎಂದಳು. "ಕರುದ್ರೂ ಬರಾಕಿಲ್ಲ ಬುಡು."